ಪೊಟರೆ ಜೇನಿಗೆ ಯಾರು ಮದ್ದು ಕೊಟ್ಟರು?

ಮಲೆನಾಡು, ಕರಾವಳಿ, ಕೊಡಗಿನಲ್ಲಿ ತುಡುವೆ ಜೇನು ಸಾಕುವವರಿಗೆ ಒಂದು ಬಹಿರಂಗ ಪತ್ರ

ಬಂಧುಗಳೇ,

ದೀಪಾವಳಿ ಕಳೆದು ಮಳೆ ಪೂರ್ತಿ ಹಿಂದೆ ಸರಿದರೆ ನನ್ನ ಫೋನಿಗೆ ಸುಗ್ಗಿ. ಶಿರಸಿ ಕಡೆಯಿಂದ, ಪುತ್ತೂರು-ಸುಳ್ಯದಿಂದ, ಒಮ್ಮೊಮ್ಮೆ ವಿರಾಜಪೇಟೆಯಿಂದ. ಕ್ಷೇಮಸಮಾಚಾರ ಅರ್ಧ ನಿಮಿಷ, ಆಮೇಲೆ ಅದೇ ಮಾತು. "ಸಂಸಾರ ಕೋಣೆಯಲ್ಲಿ ಮರಿ ಸಾಯ್ತಾ ಇದಾವೆ. ಕಣದಲ್ಲಿ ತಲೆ ಮೇಲೆ ಮಾಡ್ಕೊಂಡು ನೆಟ್ಟಗೆ ಚಾಚಿಕೊಂಡಿವೆ. ಚಿಮುಟದಲ್ಲಿ ಎತ್ತಿದ್ರೆ ನೀರು ತುಂಬಿದ ಚೀಲದ ಹಾಗೆ ಬರ್ತದೆ. ಏನು ಔಷಧ ಹಾಕ್ಲಿ?"

ಔಷಧ ಇಲ್ಲ ಎನ್ನುತ್ತೇನೆ. ಆ ಕಡೆ ಮೌನ. ಕೆಲವರು ನನಗೆ ಗೊತ್ತಿಲ್ಲವೆಂದು ತಿಳಿದು ಇನ್ನೊಬ್ಬರಿಗೆ ಫೋನು ಮಾಡುತ್ತಾರೆ, ಆ ಇನ್ನೊಬ್ಬರು ಏನಾದರೊಂದು ಹೆಸರು ಹೇಳಿಯೇ ಹೇಳುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಸಾಕಾಗಿ ಈ ವರ್ಷ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ರೋಗದ ಹೆಸರು ನಿಮಗೆ ಗೊತ್ತಿರುವುದೇ, ಥಾಯ್ ಸ್ಯಾಕ್‌ಬ್ರೂಡ್. ಇದರ ವೈರಸ್ಸು ಮೊದಲು ಸಿಕ್ಕಿದ್ದು 1976ರಲ್ಲಿ ಥಾಯ್ಲೆಂಡಿನ ತುಡುವೆಯಲ್ಲಿ. 1978ರಲ್ಲಿ ನಮ್ಮ ಈಶಾನ್ಯ ಗುಡ್ಡಗಳಲ್ಲಿ ಕಾಣಿಸಿತು, ಹಿಮಾಲಯದ ತಪ್ಪಲು ಹಿಡಿದು ಪಡುವಣಕ್ಕೆ ಸರಿಯಿತು. ದಕ್ಷಿಣಕ್ಕೆ ಬಂದದ್ದು 1991-92ರಲ್ಲಿ. ಕರ್ನಾಟಕ, ಕೇರಳ, ತಮಿಳುನಾಡಿನ ಪೆಟ್ಟಿಗೆ ಜೇನಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕುಟುಂಬ ಹೋದವು. ಸ್ವಾತಂತ್ರ್ಯಕ್ಕೂ ಮೊದಲೇ ಜೇನಿಗಾಗಿ ಸಹಕಾರ ಸಂಘ ಕಟ್ಟಿಕೊಂಡಿದ್ದ ಕೊಡಗಿನಲ್ಲಿ ಕಾಫಿ ಹೂವು ಅರಳಿದರೂ ಝೇಂಕಾರ ಇಲ್ಲದ ವರ್ಷಗಳು ಅವು.

ನಮ್ಮ ಅಂಗಳದಂಚಿನಲ್ಲಿ ಆಗ 22 ಪೆಟ್ಟಿಗೆ. ಅಪ್ಪ ಬೆಳಗ್ಗೆ ಕಾಫಿ ಕುಡಿಯುವ ಮೊದಲು ಒಂದೊಂದರ ಗೋಡೆಗೂ ಕಿವಿಯಿಟ್ಟು ಬರುತ್ತಿದ್ದರು. 1992ರ ಚೌತಿಯ ಹೊತ್ತಿಗೆ ಕಿವಿಯಿಡಲು ಎರಡು ಉಳಿದಿದ್ದವು. ದೀಪಾವಳಿಗೆ ಅವೂ ಇಲ್ಲ. ಹುಳು ಕೊಳೆತ ಎರಿಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದೆವು. ಅಡಕೆ ಸಿಪ್ಪೆಯ ಹೊಗೆಯಲ್ಲಿ ಬೆರೆತ ಆ ಮೇಣದ ವಾಸನೆ ಬಂದರೆ ಈಗಲೂ ನಾನು ಎದ್ದು ಹೊರಗೆ ಹೋಗುತ್ತೇನೆ.

ಮಾಡದ ಮದ್ದಿರಲಿಲ್ಲ. ಅರಿಶಿನದ ನೀರು ಚಿಮುಕಿಸಿದೆವು, ತುಳಸಿ ರಸ ಕೊಟ್ಟೆವು. ಕೊನೆಗೆ ತರಬೇತಿಗೆಂದು ಊರಿಗೆ ಬಂದವರೊಬ್ಬರು ಹೇಳಿದರೆಂದು ಟೆಟ್ರಾಸೈಕ್ಲಿನ್ ಪುಡಿಯನ್ನು ಸಕ್ಕರೆ ಪಾಕಕ್ಕೆ ಕಲಸಿ ಇಟ್ಟೆವು. ಅವರನ್ನು ದೂರುವುದಿಲ್ಲ, ಅವರಿಗೂ ಕೈ ಕಟ್ಟಿ ಕೂರಲು ಆಗಲಿಲ್ಲ. ಆದರೆ ಟೆಟ್ರಾಸೈಕ್ಲಿನ್ ಕಟ್ಟಿಹಾಕುವುದು ಬ್ಯಾಕ್ಟೀರಿಯಾವನ್ನು, ಇದು ವೈರಸ್ಸು. ಇವತ್ತಿಗೂ ಅದೇ ಪುಡಿ ನಮ್ಮಲ್ಲಿ ಕೈಯಿಂದ ಕೈಗೆ ಓಡಾಡುತ್ತಿದೆ, ಅದಕ್ಕೇ ನನ್ನ ಸಿಟ್ಟು. ಜೇನಿನ ಕರುಳಿನಲ್ಲಿ ಅದರದ್ದೇ ಆದ ಕೆಲವು ಬ್ಯಾಕ್ಟೀರಿಯಾ ತಳಿಗಳು ಬೀಡುಬಿಟ್ಟಿರುತ್ತವೆ. ಪರಾಗ ಅರಗಿಸುವುದರಲ್ಲಿ, ಕೆಟ್ಟ ಸೂಕ್ಷ್ಮಾಣುಗಳಿಗೆ ಜಾಗ ಕೊಡದಿರುವುದರಲ್ಲಿ ಅವುಗಳ ಪಾಲು ದೊಡ್ಡದು. 2017ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದವರು ನೊಣಗಳಿಗೆ ಟೆಟ್ರಾಸೈಕ್ಲಿನ್ ಉಣಿಸಿ ಗೂಡಿಗೆ ಮರಳಿ ಬಿಟ್ಟು ನೋಡಿದರು. ಕರುಳಿನ ಬಳಗ ಚೆದುರಿತ್ತು, ಔಷಧ ತಿಂದ ನೊಣಗಳು ತಿನ್ನದವುಗಳಿಗಿಂತ ಬೇಗ ಸತ್ತವು. ಅಂದರೆ 1992ರಲ್ಲಿ ನಾವು ಸಾಯುವ ಕುಟುಂಬದ ಕೈಯಲ್ಲಿದ್ದ ಕೋಲನ್ನೂ ಕಿತ್ತುಕೊಂಡಿದ್ದೆವು. ತುಪ್ಪಕ್ಕೆ ಇಳಿಯುವ ಔಷಧದ ಅಂಶದ ಮಾತು ಬೇರೆಯೇ, ಅದನ್ನು ತಿನ್ನುವವರು ನಮ್ಮ ಮೊಮ್ಮಕ್ಕಳು.

ಈಗ ಆಮೇಲಿನ ಕಥೆ. ನಾಲ್ಕೈದು ವರ್ಷ ಪೆಟ್ಟಿಗೆಗಳು ಅಟ್ಟದ ಮೇಲೆ ಜೇಡರ ಪಾಲಾಗಿದ್ದವು. ಒಂದು ಜನವರಿಯ ಮಧ್ಯಾಹ್ನ ಕೊಟ್ಟಿಗೆಯ ಹಿಂದಿನ ಹಲಸಿನ ಮರದ ಪೊಟರೆಗೆ ಒಂದು ಹಿಂಡು ಬಂದು ಸೇರಿತು. ಮರುವರ್ಷ ಅದೇ ಪಾಲಾಗಿ ಗದ್ದೆಯಂಚಿನ ಹುತ್ತದಲ್ಲಿ ಇನ್ನೊಂದು. ನಿಮ್ಮ ನಿಮ್ಮ ಊರಿನಲ್ಲೂ ಹೀಗೇ ಆಗಿದೆ, ಹಿರಿಯರನ್ನು ಕೇಳಿ. ಹಾಳುಬಾವಿಯ ಕಲ್ಲುಸಂದಿಯಿಂದ, ಮತ್ತಿ ಮರದ ತೂತಿನಿಂದ ತುಡುವೆ ಮೆಲ್ಲಗೆ ವಾಪಸು ಬಂತು. ಇವತ್ತು ನಮ್ಮ ಪೆಟ್ಟಿಗೆಗಳಲ್ಲಿ ಇರುವುದು ಹೆಚ್ಚಿನಂಶ ಆ ಉಳಿದವುಗಳ ಸಂತಾನ. ರೋಗ ಹೋಗಿಲ್ಲ, ವರ್ಷವೂ ಅಲ್ಲಲ್ಲಿ ತಲೆ ಎತ್ತುತ್ತದೆ. ಆದರೆ 1992ರ ಹಾಗೆ ಊರಿಗೆ ಊರೇ ಬೋಳಾದದ್ದನ್ನು ನಾನು ಮತ್ತೆ ಕಂಡಿಲ್ಲ.

ಆ ಪೊಟರೆ ಜೇನಿಗೆ ಯಾರು ಮದ್ದು ಕೊಟ್ಟರು?

ಒಂದು ನೊಣವನ್ನಷ್ಟೇ ನೋಡಿದರೆ ಅದು ಬಡಪಾಯಿ. 2006ರಲ್ಲಿ ಯುರೋಪಿನ ಜೇನ್ನೊಣದ ಜೀನೋಮನ್ನು ಓದಿ ಮುಗಿಸಿದಾಗ ಕಂಡದ್ದೇನೆಂದರೆ, ರೋಗ ತಡೆಯುವ ಜೀನುಗಳು ಹಣ್ಣಿನ ನೊಣ, ಸೊಳ್ಳೆಗಳಲ್ಲಿ ಇರುವುದರ ಮೂರನೇ ಒಂದು ಪಾಲಿನಷ್ಟೇ ಅದರಲ್ಲಿವೆ. ಸಾವಿರಾರು ನೊಣ ಮೈಗೆ ಮೈ ತಾಗಿಸಿ, ಬಾಯಿಂದ ಬಾಯಿಗೆ ಆಹಾರ ದಾಟಿಸಿ, ಕತ್ತಲೆಯ ಬೆಚ್ಚಗಿನ ಕೋಣೆಯಲ್ಲಿ ಬದುಕುವ ಪ್ರಾಣಿಗೆ ಇಷ್ಟು ಕಡಿಮೆ ಆಯುಧವೇ? ಅದರ ಆಯುಧ ಮೈಯೊಳಗೆ ಇರುವುದಕ್ಕಿಂತ ಹೆಚ್ಚಾಗಿ ಮನೆವಾರ್ತೆಯಲ್ಲಿದೆ. ಗುಡಿಸಿ ಸಾರಿಸುವುದರಲ್ಲಿ, ಸತ್ತದ್ದನ್ನು ತಡಮಾಡದೆ ಹೊರಹಾಕುವುದರಲ್ಲಿ, ಮನೆ ಕೆಟ್ಟಿತೆಂದರೆ ಬಿಟ್ಟು ಹೊರಡುವುದರಲ್ಲಿ.

ಮುಚ್ಚಿದ ಕಣದೊಳಗೆ ಮರಿ ಸತ್ತಿದೆ ಎಂದು ಹೊರಗಿನಿಂದಲೇ ಮೂಸಿ ತಿಳಿದು, ಮುಚ್ಚಳ ಕಿತ್ತು, ಹೆಣವನ್ನು ಎಳೆದು ಹೊರಗೆ ಎಸೆಯುವ ನೊಣಗಳಿರುತ್ತವೆ. ಅಮೆರಿಕದ ವಾಲ್ಟರ್ ರೊಥೆನ್‌ಬೂಲರ್ ಇದು ವಂಶದಿಂದ ಬರುವ ಗುಣ ಎಂದು 1964ರಲ್ಲೇ ತೋರಿಸಿದ್ದರು. ಅವರು ಕಂಡದ್ದು ಸೊಗಸಾಗಿದೆ. ಕೆಲವು ಕುಟುಂಬ ಮುಚ್ಚಳ ತೆಗೆಯುತ್ತವೆ, ಹೆಣ ಮುಟ್ಟುವುದಿಲ್ಲ. ಇನ್ನು ಕೆಲವು ಮುಚ್ಚಳಕ್ಕೆ ಕೈ ಹಾಕುವುದಿಲ್ಲ, ಆದರೆ ಯಾರಾದರೂ ತೆಗೆದುಕೊಟ್ಟರೆ ಹೆಣ ಹೊರುತ್ತವೆ. ನಮ್ಮ ಮನೆಗಳ ಹಾಗೆಯೇ. ಎರಡೂ ಗುಣ ಕೂಡಿದ ಕುಟುಂಬದಲ್ಲಿ ರೋಗ ನೆಲೆ ನಿಲ್ಲುವುದಿಲ್ಲ. ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಲಾ ಸ್ಪಿವಾಕ್ ಮುಂದೆ ಇದೇ ಗುಣವನ್ನು ಹಿಡಿದು ತಳಿಯನ್ನೇ ಬೆಳೆಸಿದರು.

ಇದರಲ್ಲಿ ನಮ್ಮ ತುಡುವೆ ಯುರೋಪಿನ ಜೇನಿಗೆ ಪಾಠ ಹೇಳುವಂಥದ್ದು. ಜಗತ್ತಿನಾದ್ಯಂತ ಯುರೋಪಿನ ಜೇನನ್ನು ಹಾಳುಗೆಡವಿದ ವರೋವಾ ನುಸಿ ಮೂಲದಲ್ಲಿ ತುಡುವೆಯದ್ದೇ ಒಕ್ಕಲು. ತುಡುವೆಯ ಮೈಮೇಲೆ ಅದು ಸಾವಿರಾರು ವರ್ಷ ಬಾಳಿದೆ, ಆದರೂ ಅದರಿಂದ ನಮ್ಮ ಪೆಟ್ಟಿಗೆ ಖಾಲಿಯಾದದ್ದಿಲ್ಲ. ಕಾರಣವನ್ನು ನೀವು ಕಣ್ಣಾರೆ ನೋಡಿದ್ದೀರಿ, ಗಮನಿಸಿರಲಿಕ್ಕಿಲ್ಲ. ಗಂಡು ನೊಣದ ಕಣದ ಮುಚ್ಚಳ ಗಟ್ಟಿ, ನಡುವೆ ಸೂಜಿಮೊನೆಯಷ್ಟು ತೂತು. ನುಸಿ ಈ ಗಂಡು ಮರಿಗಳ ಕಣದಲ್ಲಿ ಮಾತ್ರ ಸಂತಾನ ಬೆಳೆಸಬಲ್ಲದು. ಎರಡು ಮೂರು ನುಸಿ ಒಟ್ಟಿಗೆ ಹೊಕ್ಕು ಹೀರಿದರೆ ಮರಿ ಸೊರಗಿ, ಆ ಗಟ್ಟಿ ಮುಚ್ಚಳ ಒಡೆದು ಬರಲಾರದೆ ಒಳಗೇ ಸಾಯುತ್ತದೆ. ಕೆಲಸಗಾರ ನೊಣಗಳು ಆ ಕಣವನ್ನು ತೆರೆಯುವುದಿಲ್ಲ. ನುಸಿ, ಅದರ ಮಕ್ಕಳು, ಸತ್ತ ಗಂಡು ಎಲ್ಲ ಒಂದೇ ಗೋರಿಯಲ್ಲಿ. ನಾವೋ, ಗಂಡು ಎರಿ ಎಂದರೆ ದಂಡ ಎಂದು ಚಾಕುವಿನಿಂದ ಸವರಿ ಬಿಸಾಡುತ್ತೇವೆ.

ಕೆಲಸಗಾರ ಮರಿಗಳ ಕಣದಲ್ಲಿ ನಡೆಯುವುದು ಇನ್ನೂ ವಿಚಿತ್ರ. ಅಲ್ಲಿ ನುಸಿ ಕಚ್ಚಿತೆಂದರೆ ತುಡುವೆಯ ಮರಿ ಎಷ್ಟು ನಾಜೂಕೆಂದರೆ ಬಲುಬೇಗ ಸತ್ತುಬಿಡುತ್ತದೆ. ಯುರೋಪಿನ ಜೇನಿನ ಮರಿ ತಾಳಿಕೊಳ್ಳುತ್ತದೆ, ಅದರ ಮೈಮೇಲೆ ನುಸಿ ಮಕ್ಕಳು ಮರಿ ಮಾಡುತ್ತದೆ. ತುಡುವೆಯ ಮರಿ ಬೇಗ ಸತ್ತು ವಾಸನೆ ಬೀರುತ್ತದೆ, ಅಕ್ಕಂದಿರು ಬಂದು ನುಸಿ ಸಮೇತ ಎಳೆದು ಹಾಕುತ್ತಾರೆ. ಮರಿಯ ದೌರ್ಬಲ್ಯವೇ ಮನೆಯ ಕೋಟೆ ಎಂದು 2016ರಲ್ಲಿ ಒಂದು ಸಂಶೋಧಕರ ತಂಡ ಪ್ರಕಟಿಸಿದಾಗ ನಾನು ಎರಡು ದಿನ ಅದನ್ನೇ ಯೋಚಿಸುತ್ತಿದ್ದೆ. ನಾವು ಒಂದು ಮರಿ ಸತ್ತರೆ ಗಾಬರಿಯಾಗಿ ಮದ್ದಿನ ಡಬ್ಬಿ ಹುಡುಕುತ್ತೇವೆ. ಕುಟುಂಬದ ಲೆಕ್ಕದಲ್ಲಿ ಆ ಸಾವು ಒಂದು ಸುದ್ದಿ, ಒಂದು ಕೂಗು.

ಸ್ಯಾಕ್‌ಬ್ರೂಡ್‌ನಲ್ಲಿ ತುಡುವೆ ಎಡವುವುದು ಎಲ್ಲಿ? ಎರಡು ದಿನದ ಎಳೆ ಹುಳುವಿಗೆ ದಾದಿ ನೊಣದ ಬಾಯಿಯಿಂದ ವೈರಸ್ಸು ಇಳಿಯುತ್ತದೆ. ಹುಳು ಬೆಳೆದು ಪೊರೆ ಕಳಚಬೇಕಾದ ಹೊತ್ತಿಗೆ ಕಳಚಲಾರದೆ, ಪೊರೆಯ ಕೆಳಗೆ ನೀರು ತುಂಬಿಕೊಂಡು ಚೀಲವಾಗುತ್ತದೆ. ಆ ನೀರಿನ ತುಂಬ ವೈರಸ್ಸು. ಅದನ್ನು ಸ್ವಚ್ಛ ಮಾಡಲು ಬಂದ ಎಳೆಯ ನೊಣಕ್ಕೆ ಅದು ತಗುಲಿ, ಮರಿಗೆ ಉಣಿಸುವ ಗ್ರಂಥಿಗಳಲ್ಲೇ ಮನೆ ಮಾಡುತ್ತದೆ. ಹಾಗಾಗಿ ಎಲ್ಲವೂ ವೇಗದ ಮೇಲಿದೆ. ಮರಿ ಚೀಲವಾಗುವ ಮೊದಲೇ ಎಳೆದು ಹಾಕುವ ಕುಟುಂಬ ಬದುಕುತ್ತದೆ, ಚೀಲ ಒಡೆದ ಮೇಲೆ ನೆಕ್ಕುವ ಕುಟುಂಬ ಹೋಗುತ್ತದೆ.

ಇಲ್ಲೂ ಪ್ರಕೃತಿ ಒಂದು ಗೇಟು ಇಟ್ಟಿದೆ. ಯುರೋಪಿನ ಜೇನಿನ ಸ್ಯಾಕ್‌ಬ್ರೂಡ್ ಮೇಲೆ ಇಂಗ್ಲೆಂಡಿನ ಲೆಸ್ಲಿ ಬೈಲಿ ಕೆಲಸ ಮಾಡಿದವರು. ಅವರು ಕಂಡಂತೆ, ವೈರಸ್ಸು ತಗುಲಿದ ದಾದಿ ಪರಾಗ ತಿನ್ನುವುದನ್ನು ಬಿಡುತ್ತದೆ, ಉಣಿಸುವ ಕೆಲಸವನ್ನು ಬಿಟ್ಟು ವಯಸ್ಸಿಗೆ ಮೊದಲೇ ಹೊರಗಿನ ದುಡಿಮೆಗೆ ಹೊರಡುತ್ತದೆ. ಹೊರಗೆ ಹೋದರೂ ಪರಾಗ ತರುವುದು ಅಪರೂಪ. ಸೂತಕದವರು ಅಡುಗೆಮನೆಯಿಂದ ದೂರ ಇದ್ದಂತೆ. ಈಗ ಯೋಚಿಸಿ, ನಮ್ಮ ಆಷಾಢದ ಜಡಿಮಳೆಯಲ್ಲಿ ವಾರಗಟ್ಟಲೆ ಯಾವ ನೊಣವೂ ಹೊರಗೆ ಹೋಗಲಾರದು. ರೋಗ ಹೊತ್ತವು, ಹೊರದವು ಎಲ್ಲ ಒಂದೇ ಎರಿಯ ಮೇಲೆ ಮುದುಡಿ ಕೂತಿರುತ್ತವೆ. ಮಳೆಗಾಲ ದಾಟಿ ಮರಿ ಏರುವ ಕಾರ್ತೀಕದಲ್ಲಿ ರೋಗ ಭುಗಿಲೇಳುವುದರ ಹಿಂದೆ ಇದೂ ಒಂದು ಕಾರಣ ಎಂದು ನನ್ನ ಅನುಭವ ಹೇಳುತ್ತದೆ.

ಮಿಸರಿ ಜೇನನ್ನು ನೋಡಿದ್ದೀರಲ್ಲ, ಮುಜಂಟಿ ಅನ್ನುತ್ತಾರೆ ಕೆಳಗಿನವರು. ಅದು ಮರದ ರಾಳ ತಂದು ಬಾಗಿಲಿಗೆ ಕೊಳವೆ ಕಟ್ಟಿ, ಗೋಡೆಗೆಲ್ಲ ಅಂಟು ಬಳಿದುಕೊಂಡು ಕೂರುತ್ತದೆ. ಯುರೋಪಿನ ಜೇನು ಕೂಡ ಪ್ರೊಪೊಲಿಸ್ ಎಂಬ ಅಂಟಿನಿಂದ ಗೂಡಿನ ಒಳಮೈ ಸಾರಿಸುತ್ತದೆ, ಅದರಲ್ಲಿ ಸೂಕ್ಷ್ಮಾಣುಗಳನ್ನು ತಡೆಯುವ ಗುಣವಿದೆ. ನಮ್ಮ ತುಡುವೆಗೆ ಆ ಅಭ್ಯಾಸವೇ ಇಲ್ಲ. ಅದಕ್ಕಿರುವುದು ಬೇರೆ ದಾರಿ, ಎದ್ದು ಹೋಗುವುದು. ಪೆಟ್ಟಿಗೆ ಬಿಟ್ಟು ಓಡಿತು, ಉಪಕಾರ ಇಲ್ಲದ್ದು ಎಂದು ಬೈಯುತ್ತೇವೆ. ರಾಣಿಯ ರೆಕ್ಕೆ ಕತ್ತರಿಸುವವರೂ ಇದ್ದಾರೆ. ಮೇಣದ ಹುಳ ಹಿಡಿದ ಹಳೆ ಎರಿ, ಸತ್ತ ಮರಿ, ಹೊಲಸು ಎಲ್ಲವನ್ನೂ ಹಿಂದೆ ಬಿಟ್ಟು ಹೊಸ ಜಾಗದಲ್ಲಿ ಹಾಲುಬಿಳಿ ಎರಿ ಕಟ್ಟುವುದು ಅದರ ಮಡಿ. ವಲಸೆಯ ದಾರಿಯಲ್ಲಿ ಮೊಟ್ಟೆ ಇಲ್ಲ, ಮರಿ ಇಲ್ಲ, ರೋಗಕ್ಕೆ ಬೇಕಾದ ಎಳೆ ಹುಳು ಸಿಗುವುದಿಲ್ಲ. ಹೋದ ಕುಟುಂಬ ರೋಗವನ್ನು ಮೈಮೇಲೆ ಹೊತ್ತು ನೆರೆಯವನ ತೋಟ ಸೇರಬಹುದು ಎಂಬುದೂ ನಿಜ, ಮುಚ್ಚಿಡುವುದಿಲ್ಲ.

ಓಡಿಹೋಗಲು ಬಿಡದೆಯೂ ಆ ಲಾಭ ಪಡೆಯಬಹುದು. ರೋಗ ಕಂಡ ಪೆಟ್ಟಿಗೆಯ ರಾಣಿಯನ್ನು ಪಂಜರದಲ್ಲಿಡಿ, ಇಲ್ಲವೇ ತೆಗೆದು ಹೊಸ ರಾಣಿ ಎಬ್ಬಿಸಲು ಬಿಡಿ. ಕೆಲಸಗಾರ ಮರಿ ಮೊಟ್ಟೆಯಿಂದ ನೊಣವಾಗಲು ಸುಮಾರು 20 ದಿನ. ಆ ಮೂರು ವಾರ ಮರಿ ಇಲ್ಲದಿದ್ದರೆ ಸರಪಳಿ ತುಂಡಾಗುತ್ತದೆ. ಕೊಳೆತ ಎರಿಗಳನ್ನು ಸುಟ್ಟುಬಿಡಿ, ಆಸೆಗೆ ಇಟ್ಟುಕೊಳ್ಳಬೇಡಿ. ಹೊಸ ರಾಣಿ ಅದೇ ಸೋತ ಕುಟುಂಬದ ಮೊಟ್ಟೆಯಿಂದ ಎದ್ದರೆ ಅರ್ಧ ಲಾಭ. ಗಟ್ಟಿ ಕುಟುಂಬದ ಮೊಟ್ಟೆ ಎರಿಯ ಒಂದು ತುಂಡು ಕೊಟ್ಟರೆ ಪೂರ್ತಿ.

ಯಾವುದು ಗಟ್ಟಿ ಎಂದು ತಿಳಿಯಲು ಒಂದು ಸೂಜಿ ಸಾಕು. ಮುಚ್ಚಿದ ಮರಿ ಇರುವ ಎರಿಯಲ್ಲಿ ಒತ್ತಾಗಿರುವ ನೂರು ಕಣ ಗುರುತು ಮಾಡಿ. ಸಣ್ಣ ಸೂಜಿಯಿಂದ ಮುಚ್ಚಳದ ಮೇಲಿಂದಲೇ ಒಳಗಿನ ಮರಿಯನ್ನು ಚುಚ್ಚಿ, ಚೌಕಟ್ಟು ವಾಪಸಿಟ್ಟು, ಮರುದಿನ ಅದೇ ಹೊತ್ತಿಗೆ ತೆಗೆದು ಎಣಿಸಿ. ಹತ್ತು ಪೆಟ್ಟಿಗೆ ಇದ್ದವರು ಹತ್ತರಲ್ಲೂ ಮಾಡಿ. ನೂರನ್ನೂ ಖಾಲಿ ಮಾಡಿ ಗುಡಿಸಿಟ್ಟ ಮನೆ ಇರುತ್ತದೆ, ಅರ್ಧ ಮುಟ್ಟಿ ಬಿಟ್ಟದ್ದು ಇರುತ್ತದೆ. ನೂರು ಮರಿ ಹೋಯಿತೆಂದು ಸಂಕಟಪಡುವವರಿಗೆ ಒಂದು ಮಾತು: ರಾಣಿಗೆ ಅದು ಒಂದು ದಿನದ ಕೆಲಸವೂ ಅಲ್ಲ. ನನ್ನಲ್ಲಿ ಅತಿ ಹೆಚ್ಚು ತುಪ್ಪ ಕೊಡುತ್ತಿದ್ದ ಪೆಟ್ಟಿಗೆ ಈ ಪರೀಕ್ಷೆಯಲ್ಲಿ ಎರಡು ವರ್ಷ ಕೊನೆಯ ಸ್ಥಾನದಲ್ಲಿತ್ತು. ಅದರಿಂದ ಪಾಲು ತೆಗೆಯಲು ಮನೆಯವರೆಲ್ಲ ಒತ್ತಾಯಿಸಿದರು, ತೆಗೆಯಲಿಲ್ಲ. ಮೂರನೆಯ ಮಳೆಗಾಲದಲ್ಲಿ ಅದು ಹೋಯಿತು.

ಕೊರಿಯಾದಲ್ಲಿ 2009ರಿಂದ ಇದೇ ಬಗೆಯ ಸ್ಯಾಕ್‌ಬ್ರೂಡ್ ಅಲ್ಲಿನ ತುಡುವೆಯ ಬಹುಪಾಲನ್ನು ಬಲಿ ತೆಗೆದುಕೊಂಡಿತು. ಅವರು ಮಾಡಿದ್ದೂ ಉಳಿದವುಗಳಿಂದ ತಾಳುವ ತಳಿ ಆರಿಸುವ ಕೆಲಸವನ್ನೇ.

ಆರಿಸುವಾಗ ಒಂದು ಎಚ್ಚರ ಬೇಕು. ಒಂದೇ ಒಳ್ಳೆಯ ರಾಣಿಯ ಮಕ್ಕಳನ್ನು ಇಡೀ ಸೀಮೆಗೆ ಹಂಚಬೇಡಿ. ರಾಣಿ ಆಕಾಶದಲ್ಲಿ ಹಲವಾರು ಗಂಡುಗಳನ್ನು ಕೂಡುತ್ತದೆ, ಆದ್ದರಿಂದ ಒಂದೇ ಮನೆಯಲ್ಲಿ ಹಲವು ತಂದೆಯರ ಮಕ್ಕಳು. ಒಬ್ಬರಿಗೆ ತಗುಲುವ ರೋಗ ಇನ್ನೊಬ್ಬರಿಗೆ ಅಷ್ಟು ಸುಲಭವಾಗಿ ತಗುಲದು. 2007ರಲ್ಲಿ ಥಾಮಸ್ ಸೀಲಿ ಮತ್ತು ಡೇವಿಡ್ ಟಾರ್ಪಿ ಯುರೋಪಿನ ಜೇನಿನಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಒಬ್ಬ ತಂದೆಯ ಕುಟುಂಬಗಳಿಗಿಂತ ಹಲವು ತಂದೆಯರ ಕುಟುಂಬಗಳಲ್ಲಿ ಮರಿ ಕೊಳೆಯುವ ರೋಗ ಕಡಿಮೆ. ಆ ತಂದೆಯರು ಬರುವುದು ಎಲ್ಲಿಂದ? ನೀವು ಸವರಿ ಬಿಸಾಡದ ಗಂಡು ಎರಿಯಿಂದ, ಮತ್ತೆ ಕಾಡಿನ ಪೊಟರೆಗಳಿಂದ.

ಊಟದ ಮಾತು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ, ನೀವೆಲ್ಲ ಬಲ್ಲದ್ದೇ. ಸಕ್ಕರೆ ಪಾಕ ಹೊಟ್ಟೆ ತುಂಬಿಸುತ್ತದೆ, ಮೈ ಕಟ್ಟುವುದು ಪರಾಗ. ಪರಾಗ ತಿಂದ ನೊಣದ ಮೈಯಲ್ಲಿ ವೈಟೆಲೊಜೆನಿನ್ ಎಂಬ ಪ್ರೋಟೀನು ತಯಾರಾಗುತ್ತದೆ. ಅದು ಸೂಕ್ಷ್ಮಾಣುವಿನ ಚೂರುಗಳನ್ನು ಹಿಡಿದು ಮೊಟ್ಟೆಯವರೆಗೂ ಒಯ್ದು, ಹುಟ್ಟುವ ಮರಿಗೆ ಮುಂಚೆಯೇ ಶತ್ರುವಿನ ಗುರುತು ಹೇಳಿಕೊಡುತ್ತದೆಂದು 2015ರಲ್ಲಿ ಗೊತ್ತಾಯಿತು. ಆ ತಿಳಿವಳಿಕೆಯ ಮೇಲೆ ತಯಾರಾದ ಜೇನ್ನೊಣದ ಲಸಿಕೆಗೆ 2023ರ ಜನವರಿಯಲ್ಲಿ ಅಮೆರಿಕ ಷರತ್ತಿನ ಪರವಾನಗಿ ಕೊಟ್ಟಿತು. ಅದು ಅಮೆರಿಕನ್ ಫೌಲ್‌ಬ್ರೂಡ್ ಎಂಬ ಬ್ಯಾಕ್ಟೀರಿಯಾ ರೋಗಕ್ಕೆ, ನಮ್ಮದಕ್ಕಲ್ಲ. ನಮ್ಮ ಲಸಿಕೆ ತೋಟದ ಬದುವಿನಲ್ಲಿದೆ. ಮಳೆಗಾಲದಲ್ಲೂ ಪರಾಗ ಕೊಡುವ ನಾಚಿಕೆಮುಳ್ಳನ್ನು ಕಳೆನಾಶಕ ಹೊಡೆದು ಸುಟ್ಟು, ಆಮೇಲೆ ಪೇಟೆಯಿಂದ ಪರಾಗದ ಬದಲಿ ಹಿಟ್ಟು ತರುವುದು ಯಾವ ಬುದ್ಧಿ?

ಪೆಟ್ಟಿಗೆಯನ್ನು ಕಾರಣವಿಲ್ಲದೆ ತೆರೆಯಬೇಡಿ. ಮರಿಗೆ ಬೇಕಾದ 34-35 ಡಿಗ್ರಿ ಕಾವನ್ನು ಅವು ಮೈಯಿಂದ ಕಾಯಿಸಿ ಕಾಯುತ್ತವೆ. ವಾರಕ್ಕೆರಡು ಸಲ ನೆಂಟರಿಗೆ ರಾಣಿ ತೋರಿಸಲು ಮುಚ್ಚಳ ತೆಗೆದರೆ ಆ ಕಾವೆಲ್ಲ ಆಕಾಶಕ್ಕೆ. ಬಡಕಲು ಕುಟುಂಬದ ಎರಿಯನ್ನು ಗಟ್ಟಿ ಕುಟುಂಬಕ್ಕೆ ಸೇರಿಸುವ ಚಾಳಿಯನ್ನೂ ಬಿಡಿ, ಬಡಕಲಾಗಿದ್ದು ಏಕೆಂದು ತಿಳಿಯುವವರೆಗಾದರೂ.

ಇನ್ನು ಕಹಿ ಮಾತು. ಸಹಾಯಧನ ಸಿಗುತ್ತದೆ ಎಂದಾದ ವರ್ಷ ಕುಟುಂಬಕ್ಕೆ ಬೇಡಿಕೆ ಏರುತ್ತದೆ. ಆಗ ಗುಡ್ಡದ ಪೊಟರೆಗಳಿಗೆ ಕೊಡಲಿ ಬೀಳುತ್ತದೆ. ಕಿತ್ತ ಎರಿಗಳನ್ನು ಬಾಳೆನಾರಿನಲ್ಲಿ ಚೌಕಟ್ಟಿಗೆ ಕಟ್ಟಿ, ರಾತ್ರಿ ಜೀಪಿನಲ್ಲಿ ಘಟ್ಟ ಇಳಿಸಿ, ಮೂರು ಜಿಲ್ಲೆ ದಾಟಿಸಿ ಮಾರುತ್ತಾರೆ. ಕೊಂಡವರ ತೋಟದಲ್ಲಿ ಅರ್ಧ ಓಡಿಹೋಗುತ್ತವೆ, ಇನ್ನರ್ಧ ರೋಗ ಹರಡುತ್ತವೆ. ಮಾರುವವರು ನಮ್ಮವರೇ, ಕೊಳ್ಳುವವರೂ ನಮ್ಮವರೇ. 1992ರಲ್ಲಿ ನಮ್ಮ ಕೈ ತಾಗದ ಜಾಗಗಳಲ್ಲಿ ಜೇನು ಉಳಿದಿತ್ತು. ಇನ್ನೊಂದು 1992 ಬಂದರೆ ವಾಪಸು ಬರಲು ಎಲ್ಲಿಂದ ಬರಬೇಕು?

ನನ್ನ ಕೊಟ್ಟಿಗೆಯ ಹಿಂದಿನ ಹಲಸಿನ ಪೊಟರೆಗೆ ನಾನು ಈವರೆಗೆ ಕೈ ಹಾಕಿಲ್ಲ. ಹಿಂಡು ಕೆಲವು ವರ್ಷ ಇರುತ್ತದೆ, ಕೆಲವು ವರ್ಷ ಖಾಲಿ, ಮತ್ತೆ ಬೇರೆಯದು ಬಂದು ಸೇರುತ್ತದೆ. ಅದರ ತುಪ್ಪದ ರುಚಿ ಹೇಗೆಂದು ನನಗೆ ಗೊತ್ತಿಲ್ಲ. ನೀವೂ ನಿಮ್ಮ ಗಡಿಯೊಳಗೆ ಅಂಥ ಒಂದೆರಡು ಪೊಟರೆಗಳನ್ನು ಗುರುತಿಸಿ ಬಿಟ್ಟುಬಿಡಿ. ಈ ಜನವರಿಯಲ್ಲಿ ಪಾಲು ತೆಗೆಯುವ ಮೊದಲು ಸೂಜಿ ಹಿಡಿದು ಕೂರಿ, ಲೆಕ್ಕ ಬರೆದಿಡಿ, ಗಟ್ಟಿಯಿರುವ ನಾಲ್ಕೈದರಿಂದ ಮಾತ್ರ ಪಾಲು ತೆಗೆಯಿರಿ. ಕುಟುಂಬ ಕೊಡುತ್ತೇನೆಂದು ರಾತ್ರಿ ಜೀಪಿನಲ್ಲಿ ಬಂದವರನ್ನು, ಎಷ್ಟೇ ಅಗ್ಗವಾಗಿರಲಿ, ಬಂದ ದಾರಿಯಲ್ಲೇ ಕಳಿಸಿ.

ಇತಿ,
ನಿಮ್ಮಷ್ಟೇ ಕುಟುಕು ತಿಂದ ಒಬ್ಬ ತುಡುವೆ ಸಾಕುವವ